ಶಬ್ದ ಜೋರಾದರೆ ಶಕ್ತಿ ಹೆಚ್ಚಿತೇ?

ಪ್ರಶ್ನೆ: ನನ್ನ ಡೀಸೆಲ್ ಟ್ರಕ್ ಕೊಂಡು ಎಂಟು ವರ್ಷವಾಯಿತು. ಏರ್ ಫಿಲ್ಟರ್ ಡಬ್ಬಿಯ ಎರಡು ಕ್ಲಿಪ್ ಮುರಿದಿವೆ, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊಗೆ ಹೋಗುವ ರಬ್ಬರ್ ಹೋಸ್ ಬಿರುಕು ಬಿಟ್ಟಿದೆ. ಹೇಗೂ ಬದಲಿಸಬೇಕಲ್ಲ, ಹಳೆಯ ಡಬ್ಬಿಯನ್ನು ಕಿತ್ತು ಎಣ್ಣೆ ಸವರಿದ ಹತ್ತಿಯ ಶಂಕುವಿನಾಕಾರದ ಫಿಲ್ಟರ್ ಇರುವ ತೆರೆದ ಇನ್‌ಟೇಕ್ (ಗಾಳಿ ಎಳೆಯುವ ಭಾಗ) ಹಾಕಿಸು, ಪಿಕಪ್ಪೂ ಮೈಲೇಜೂ ಎರಡೂ ಹೆಚ್ಚುತ್ತವೆ, ಒಮ್ಮೆ ಕೊಂಡರೆ ತೊಳೆದು ತೊಳೆದು ಬಳಸಬಹುದು ಎಂದು ಗೆಳೆಯರು ಹೇಳುತ್ತಾರೆ. ನನ್ನ ಓಡಾಟ ಹೆಚ್ಚಾಗಿ ಮಣ್ಣುದಾರಿಯಲ್ಲಿ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲೇ ಉತ್ತರವಿದೆ. ಮಣ್ಣುದಾರಿ ಎಂದ ಮೇಲೆ ಮುಚ್ಚಿದ ಡಬ್ಬಿ, ಒಳಗೆ ಒಳ್ಳೆಯ ಕಾಗದದ ಫಿಲ್ಟರ್. ನಿಮ್ಮ ಗೆಳೆಯರಿಗೆ ನಾನು ಹೀಗೆ ಹೇಳಿದೆನೆಂದು ತಿಳಿಸಿ, ಬೈಗುಳ ನನಗಿರಲಿ.

ತೆರೆದ ಫಿಲ್ಟರಿನ ಮೋಹ ನನಗೆ ಗೊತ್ತಿಲ್ಲದ್ದಲ್ಲ. ಹೊಸದಾಗಿ ಕೆಲಸ ಕಲಿತಾಗ ನನ್ನ ಗಾಡಿಗೆ ನಾನೇ ಅದನ್ನು ಹಾಕಿಕೊಂಡಿದ್ದೆ. ಡಬ್ಬಿ ಹೋದ ತಕ್ಷಣ ಟರ್ಬೊದ ಶಿಳ್ಳೆ ಕಿವಿಗೆ ಬಡಿಯುತ್ತದೆ, ಗಾಡಿ ಹಾರಿದಂತೆ ಅನ್ನಿಸುತ್ತದೆ. ಹಾರಿದ್ದು ಗಾಡಿಯಲ್ಲ, ನನ್ನ ಮನಸ್ಸು. ಎರಡು ಬೇಸಿಗೆ ಕಳೆದ ಮೇಲೆ ಹೋಸ್ ಬಿಚ್ಚಿ ನೋಡಿದರೆ ಟರ್ಬೊದ ಅಲ್ಯೂಮಿನಿಯಂ ಚಕ್ರದ ರೆಕ್ಕೆಗಳ ಮುಂದಿನ ಅಂಚು ಉಜ್ಜಿದ ಚಾಕುವಿನಂತೆ ಮೊಂಡಾಗಿತ್ತು. ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುವ ಚಕ್ರಕ್ಕೆ ಸಣ್ಣ ಮರಳೂ ಅರವೇ. ಎಂಜಿನ್ ಆಯಿಲ್ ಕುಡಿಯಲು ಶುರುವಾದದ್ದು ಅದರ ಬೆನ್ನಿಗೇ.

ಈಗ ಲೆಕ್ಕಕ್ಕೆ ಬರೋಣ. ಒಂದು ಲೀಟರ್ ಡೀಸೆಲ್ ಉರಿಯಲು ಕನಿಷ್ಠ 12 ಕಿಲೋ ಗಾಳಿ ಬೇಕು, ಅಂದರೆ ಸುಮಾರು 10,000 ಲೀಟರ್. ಡೀಸೆಲ್ ಎಂಜಿನ್ ಯಾವಾಗಲೂ ಬೇಕಾದದ್ದಕ್ಕಿಂತ ಹೆಚ್ಚು ಗಾಳಿಯನ್ನೇ ಎಳೆಯುವುದರಿಂದ ನಿಜವಾಗಿ ಒಳಹೋಗುವುದು ಇನ್ನೂ ಜಾಸ್ತಿ. ಒಂದು ಟ್ಯಾಂಕ್ ಮುಗಿಯುವಷ್ಟರಲ್ಲಿ ನಿಮ್ಮ ಫಿಲ್ಟರ್ ಎಷ್ಟು ಧೂಳನ್ನು ಎದುರಿಸಿರುತ್ತದೆ ಎಂದು ಊಹಿಸಿಕೊಳ್ಳಿ. ಆ ಧೂಳಿನ ಬಹುಪಾಲು ಸಿಲಿಕಾ, ಅಂದರೆ ಮರಳಿನ ಪುಡಿ. ಗಡಸುತನದ ಮೋಸ್ ಮಾಪಕದಲ್ಲಿ ಅದಕ್ಕೆ 10ರಲ್ಲಿ 7. ಕಣ್ಣಿಗೆ ಕಾಣುವ ದಪ್ಪ ಕಣಗಳಿಗಿಂತ, ತಲೆಗೂದಲಿನ ದಪ್ಪದ ಹತ್ತನೆಯ ಒಂದು ಪಾಲಿನಷ್ಟಿರುವ ಕಣಗಳೇ ಕೇಡಿಗರು. ಪಿಸ್ಟನ್ ರಿಂಗಿಗೂ ಸಿಲಿಂಡರಿನ ಒಳಗೋಡೆಯಾದ ಲೈನರಿಗೂ ನಡುವೆ ಆಯಿಲ್ ಪದರದಲ್ಲಿ ಸಿಕ್ಕಿಕೊಂಡು ಎರಡನ್ನೂ ಸವೆಸುವುದು ಅವೇ.

ಫಿಲ್ಟರ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ‘98 ಶೇಕಡ ಧೂಳು ತಡೆಯುತ್ತದೆ’ ಎಂದಿದ್ದರೆ ಖುಷಿಯಾಗುತ್ತದೆ. ಪಕ್ಕದ ಪೆಟ್ಟಿಗೆಯಲ್ಲಿ 99.5 ಎಂದಿದ್ದರೆ ಒಂದೂವರೆ ವ್ಯತ್ಯಾಸ ತಾನೆ ಎನ್ನಿಸುತ್ತದೆ. ಲೆಕ್ಕವನ್ನು ತಿರುಗಿಸಿ ಹಾಕಿ. ಒಂದು ಕಿಲೋ ಧೂಳು ಬಂದರೆ ಮೊದಲನೆಯದು 20 ಗ್ರಾಂ ಒಳಗೆ ಬಿಡುತ್ತದೆ, ಎರಡನೆಯದು 5 ಗ್ರಾಂ. ನಾಲ್ಕು ಪಟ್ಟು! ಎಣ್ಣೆ ಸವರಿದ ಹತ್ತಿಯ ಫಿಲ್ಟರುಗಳು ಸಾಮಾನ್ಯವಾಗಿ ಒಳ್ಳೆಯ ಕಾಗದದ ಫಿಲ್ಟರಿನಷ್ಟು ಬಿಗಿಯಾಗಿ ತಡೆಯುವುದಿಲ್ಲ. ಗಾಳಿಯನ್ನು ಸಲೀಸಾಗಿ ಬಿಡಲು ಅವು ತೆರುವ ಬೆಲೆಯೇ ಅದು. ಐಎಸ್‌ಒ 5011 ಎಂಬ ಪರೀಕ್ಷಾ ಕ್ರಮವಿದೆ. ಅದರ ಪ್ರಕಾರ ಅಳೆದ ಅಂಕಿಯನ್ನು, ಯಾವ ಧೂಳಿನಿಂದ ಅಳೆದರು ಎಂಬುದರ ಜೊತೆಗೆ, ಕೇಳಿ ನೋಡಿ. ದಪ್ಪ ಧೂಳು ಹಾಕಿ ಪರೀಕ್ಷಿಸಿದರೆ ಎಂಥ ಫಿಲ್ಟರಿಗೂ ಒಳ್ಳೆಯ ಅಂಕ ಬರುತ್ತದೆ.

ಹಾಗಾದರೆ ‘ಗಾಳಿ ಸಾಲದೆ ಎಂಜಿನ್ ಕಟ್ಟಿದಂತಾಗಿದೆ’ ಎಂಬ ಮಾತು? ಅದನ್ನೂ ಅಳೆಯಬಹುದು. ಫಿಲ್ಟರಿನಿಂದಾಗುವ ತಡೆಗೆ ಅನೇಕ ಟರ್ಬೊ ಡೀಸೆಲ್ ಎಂಜಿನ್‌ಗಳಲ್ಲಿ ತಯಾರಕರು ಇಟ್ಟಿರುವ ಮಿತಿ 25 ಇಂಚು ಎತ್ತರದ ನೀರಿನ ಒತ್ತಡದ ಆಸುಪಾಸು, ಅಂದರೆ ಸುಮಾರು 6.2 ಕಿಲೋಪಾಸ್ಕಲ್. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ 101. ಪೂರ್ತಿ ಕೊಳೆಯಾದ ಫಿಲ್ಟರ್ ಕೂಡ ಕಸಿಯುವುದು ಶೇಕಡ ಆರರಷ್ಟು. ಹೊಸ ಕಾಗದದ ಫಿಲ್ಟರಿನ ತಡೆ ಇದಕ್ಕಿಂತ ಬಹಳ ಕಡಿಮೆ, ಅದರಲ್ಲಿ ಒಂದಿಷ್ಟನ್ನು ಉಳಿಸಿ ಏನು ಗಳಿಸುತ್ತೀರಿ? ಇನ್ನು ಟ್ಯೂನಿಂಗ್ ಬದಲಾಗದ ಎಂಜಿನ್ ಹೆಚ್ಚು ಗಾಳಿ ಸಿಕ್ಕಿತೆಂದು ತಾನಾಗಿ ಹೆಚ್ಚು ಡೀಸೆಲ್ ಸುರಿಯುವುದಿಲ್ಲ. ಎಂಜಿನ್‌ಗೆ ಡೀಸೆಲ್ ಹೆಚ್ಚಿಸಿ ಶಕ್ತಿ ಏರಿಸಿಕೊಂಡವರ ಮಾತು ಬೇರೆ, ಅವರಿಗೆ ದೊಡ್ಡ ಇನ್‌ಟೇಕ್ ಬೇಕಾಗಬಹುದು. ನೀವು ಆ ಸಾಲಿನಲ್ಲಿಲ್ಲ.

ತೆರೆದ ಶಂಕುವಿನದು ಇನ್ನೊಂದು ತಮಾಷೆ. ಹಳೆಯ ಡಬ್ಬಿ ಹೊರಗಿನ ತಂಪು ಗಾಳಿಯನ್ನು ಎಳೆಯುತ್ತಿತ್ತು. ಇದು ಬಾನೆಟ್ಟಿನೊಳಗೆ ರೇಡಿಯೇಟರಿನ ಹಿಂದೆ ಕುಳಿತು ಬಿಸಿ ಗಾಳಿ ಕುಡಿಯುತ್ತದೆ. ಗಾಳಿಯ ಉಷ್ಣತೆ 3 ಡಿಗ್ರಿ ಏರಿದರೆ ಸಾಂದ್ರತೆ ಸುಮಾರು ಶೇಕಡ ಒಂದು ಇಳಿಯುತ್ತದೆ. ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಸ್ವಲ್ಪ ಸರಿಪಡಿಸುತ್ತದೆ, ಪೂರ್ತಿಯಲ್ಲ. ಹೆಚ್ಚು ಗಾಳಿಗೆಂದು ಹಾಕಿದ್ದು ತೆಳು ಗಾಳಿ ಕೊಟ್ಟಂತಾಯಿತು.

ಹೊಸ ಡಬ್ಬಿ ಆರಿಸುವಾಗ ಗಾಳಿ ಅಳೆಯುವ ಸೆನ್ಸರಿನ ಜಾಗವನ್ನು ಮೊದಲು ನೋಡಿ. ಆ ಕೊಳವೆಯ ಒಳವ್ಯಾಸ ಹಳೆಯದರಷ್ಟೇ ಇರಬೇಕು. ಕೊಳವೆ ಅಗಲವಾದರೆ ಅದೇ ಗಾಳಿ ನಿಧಾನವಾಗಿ ಹಾಯುತ್ತದೆ, ಸೆನ್ಸರ್ ಗಾಳಿ ಕಡಿಮೆಯಿದೆ ಎಂದು ಸುಳ್ಳು ವರದಿ ಕೊಡುತ್ತದೆ, ಕಂಪ್ಯೂಟರ್ ಡೀಸೆಲ್ ಕಡಿತ ಮಾಡುತ್ತದೆ. ತೊಳೆದ ಹತ್ತಿಯ ಫಿಲ್ಟರಿಗೆ ಎಣ್ಣೆ ಹೆಚ್ಚಾದರೆ ಅದು ಹಾರಿ ಇದೇ ಸೆನ್ಸರಿನ ತಂತಿಗೆ ಅಂಟುವುದೂ ಉಂಟು. ಎಂಜಿನ್‌ನಿಂದ ಎಣ್ಣೆಯ ಹಬೆ ತರುವ ಬ್ರೀದರ್ ಹೋಸನ್ನು ಜೋಡಿಸಲು ಜಾಗವಿದೆಯೇ, ಡಬ್ಬಿಯ ತಳದಲ್ಲಿ ಧೂಳು, ನೀರು ಉದುರುವ ರಬ್ಬರ್ ಮೂತಿ ಇದೆಯೇ, ಫಿಲ್ಟರಿನ ರಬ್ಬರ್ ಅಂಚು ಡಬ್ಬಿಗೆ ಸುತ್ತಲೂ ಒತ್ತಿ ಕೂರುತ್ತದೆಯೇ ಎಂಬುದನ್ನು ಬೆರಳಿನಿಂದ ಮುಟ್ಟಿ ನೋಡಿ. ಒಳಗೆ ಎರಡನೆಯ ಸಣ್ಣ ಸುರಕ್ಷಾ ಫಿಲ್ಟರ್ ಇರುವ ಡಬ್ಬಿ ನಿಮ್ಮ ಗಾಡಿಗೆ ಸಿಗುವುದಾದರೆ ಅದನ್ನೇ ಹಿಡಿಯಿರಿ.

ನಿಜ ಹೇಳಬೇಕೆಂದರೆ ನನಗೆ ನಿಮ್ಮ ಫಿಲ್ಟರಿಗಿಂತ ಆ ಬಿರುಕು ಬಿಟ್ಟ ಹೋಸಿನದೇ ಚಿಂತೆ. ಫಿಲ್ಟರ್ ದಾಟಿದ ನಂತರದ ಬಿರುಕು ಎಂದರೆ ಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಗೋಡೆ ಒಡೆದಂತೆ. ಹೋಸನ್ನು ಈ ವಾರವೇ ಬದಲಿಸಿ, ಟೇಪ್ ಸುತ್ತಿ ದಿನ ದೂಡಬೇಡಿ. ಹೊಸದನ್ನು ಹಾಕುವ ಮುನ್ನ ಟರ್ಬೊ ಬಾಯಿಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬ್ರೀದರಿನ ಎಣ್ಣೆಯ ತೆಳು ಲೇಪ ಸಹಜ. ಬೆರಳಿಗೆ ಪುಡಿ ಪುಡಿ ತಗುಲಿದರೆ ಧೂಳು ಆಗಲೇ ಒಳಹೊಕ್ಕಿದೆ. ಹಾಗಿದ್ದರೆ ಮುಂದಿನ ಸಲ ತೆಗೆದ ಆಯಿಲ್ಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ. ಸಿಲಿಕಾನ್ ಜೊತೆಗೆ ಕಬ್ಬಿಣ, ಅಲ್ಯೂಮಿನಿಯಂ ಕೂಡ ಏರಿದ್ದರೆ ಧೂಳಿನದೇ ಕೆಲಸ. ಸಿಲಿಕಾನ್ ಒಂದೇ ಏರಿದ್ದರೆ ಇತ್ತೀಚೆಗೆ ಗ್ಯಾಸ್ಕೆಟ್ ಅಂಟು ಬಳಸಿದ್ದೀರಾ ನೆನಪಿಸಿಕೊಳ್ಳಿ, ಅದರಿಂದಲೂ ಹೀಗಾಗುತ್ತದೆ.

ಪ್ರಶ್ನೆ: ನಾನು ವಾರಕ್ಕೊಮ್ಮೆ ಫಿಲ್ಟರ್ ತೆಗೆದು ಕಂಪ್ರೆಸರ್‌ನಿಂದ ಗಾಳಿ ಹೊಡೆಯುತ್ತೇನೆ. ಸರಿಯಲ್ಲವೇ?

ಉತ್ತರ: ಸರಿಯಲ್ಲ. ಕಾಗದದ ಫಿಲ್ಟರ್ ಹೊಸದಾಗಿದ್ದಾಗಲೇ ಹೆಚ್ಚು ಧೂಳು ಬಿಡುವುದು. ಮೇಲೆ ಧೂಳಿನ ತೆಳು ಪದರ ಕೂತ ಮೇಲೆ ಆ ಪದರವೇ ಸಣ್ಣ ಕಣಗಳನ್ನು ಹಿಡಿಯುತ್ತದೆ. ನೀವು ವಾರವಾರ ಅದನ್ನು ಉದುರಿಸಿ, ಜೋರು ಗಾಳಿಯಿಂದ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಮಾಡಿ, ಪ್ರತಿ ಸಲ ಬಿಚ್ಚುವಾಗ ಒಂದಿಷ್ಟು ಧೂಳನ್ನು ಒಳಬದಿಗೂ ಬೀಳಿಸುತ್ತಿದ್ದೀರಿ. ಡಬ್ಬಿಯ ಮೇಲೆ ತಡೆ ತೋರಿಸುವ ಪುಟ್ಟ ಸೂಚಕವಿದ್ದರೆ ಅದು ಕೆಂಪಾದಾಗ ಹೊಸ ಫಿಲ್ಟರ್ ಹಾಕಿ, ಹಾಕಿದ ಮೇಲೆ ಸೂಚಕದ ಗುಂಡಿ ಒತ್ತಿ ಮೊದಲಿನ ಸ್ಥಿತಿಗೆ ತನ್ನಿ. ಸೂಚಕ ಇಲ್ಲದಿದ್ದರೆ ಗಾಡಿಯ ಕೈಪಿಡಿಯಲ್ಲಿ ಧೂಳಿನ ದಾರಿಗೆಂದು ಬರೆದಿರುವ ಅವಧಿಯನ್ನು ಹಿಡಿಯಿರಿ. ಅಲ್ಲಿಯವರೆಗೆ ಮುಚ್ಚಳಕ್ಕೆ ಕೈ ಹಚ್ಚಬೇಡಿ.