ನಮ್ಮೂರಲ್ಲಿ ಯಹೂದಿಗಳೇ ಇಲ್ಲವಲ್ಲ!

ಪ್ರಶ್ನೆ: ಬ್ರಿಟನ್ನಿನ ಯಹೂದಿ ಧರ್ಮಗುರು ಜೊನಾಥನ್ ಸ್ಯಾಕ್ಸ್ ಅವರ ಭಾಷಣವನ್ನು ಮಗಳು ಮೊಬೈಲಿನಲ್ಲಿ ತೋರಿಸಿದಳು. ಯಹೂದಿ ದ್ವೇಷದ ಬಗ್ಗೆ ಯಹೂದಿಯೇ ಮಾತಾಡಿದರೆ ಅದು ತಮ್ಮವರ ಪರ ವಾದ ಅಷ್ಟೇ ಅಲ್ವಾ? ಇಸ್ರೇಲನ್ನು ಬೈದರೂ ದ್ವೇಷವೇ? ನಮ್ಮೂರಲ್ಲಿ ಯಹೂದಿಗಳೇ ಇಲ್ಲ. ನಾವೇಕೆ ತಲೆ ಕೆಡಿಸಿಕೊಳ್ಳಬೇಕು?
– ಓದುಗರೊಬ್ಬರು, ಕಾಪು

ಉತ್ತರ: ಇಸ್ರೇಲಿನ ವಿಷಯ ಮೊದಲು ಮುಗಿಸೋಣ. ಅದಕ್ಕೆ ಸ್ಯಾಕ್ಸ್ ಅವರೇ ಉತ್ತರ ಕೊಟ್ಟಿದ್ದಾರೆ. ಅವರು 1991ರಿಂದ 2013ರವರೆಗೆ ಬ್ರಿಟನ್ನಿನ ಚೀಫ್ ರಬ್ಬಿ, ಅಂದರೆ ಯಹೂದಿಗಳ ಮುಖ್ಯ ಧರ್ಮಗುರು ಆಗಿದ್ದವರು, 2020ರಲ್ಲಿ ತೀರಿಕೊಂಡರು. 2016ರ ಸೆಪ್ಟೆಂಬರಿನಲ್ಲಿ ಬ್ರಸೆಲ್ಸ್‌ನ ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಒಂದು ಪ್ರಸಂಗ ಹೇಳಿದರು. ಶಾಲೆಯ ಮಕ್ಕಳು ಅವರನ್ನು ಇದೇ ಪ್ರಶ್ನೆ ಕೇಳಿದ್ದರಂತೆ. ಬ್ರಿಟಿಷ್ ಸರ್ಕಾರವನ್ನು ಟೀಕಿಸಬಹುದು ಅನ್ನುವವರು ಕೈ ಎತ್ತಿ ಅಂದರು. ಎಲ್ಲರೂ ಎತ್ತಿದರು. ಬ್ರಿಟನ್ ಎಂಬ ದೇಶವೇ ಇರಬಾರದು ಅನ್ನುವವರು? ಒಂದು ಕೈಯೂ ಮೇಲೆ ಬರಲಿಲ್ಲ. ಟೀಕೆಗೂ ದ್ವೇಷಕ್ಕೂ ವ್ಯತ್ಯಾಸ ಇಷ್ಟೇ, ಅಂದರು. ಮೇಷ್ಟ್ರಾಗಿದ್ದವನು ನಾನು, ಇಷ್ಟು ಚಂದ ಪಾಠ ಮಾಡಿದ ನೆನಪಿಲ್ಲ.

ತಮ್ಮವರ ಪರ ವಾದ? ಹೌದು ಮಾರಾಯ್ರೇ, ಅದರಲ್ಲಿ ತಪ್ಪೆಂತ? ಆದರೆ ಅದೇ ಭಾಷಣದಲ್ಲಿ ಅವರು ಹೇಳಿದ್ದು, ಯಹೂದಿಗಳ ಮೇಲೆ ಶುರುವಾಗುವ ದ್ವೇಷ ಯಹೂದಿಗಳಲ್ಲೇ ಮುಗಿಯುವುದಿಲ್ಲ ಅಂತ. ದ್ವೇಷಕ್ಕೆ ಸಿಕ್ಕವರು ಒಬ್ಬರೇ ದ್ವೇಷವನ್ನು ವಾಸಿ ಮಾಡಲಾರರು, ಉಳಿದವರು ಜೊತೆಗೆ ನಿಲ್ಲಬೇಕು ಅಂತಲೂ ಕೇಳಿಕೊಂಡರು.

ಇನ್ನು ನಮ್ಮೂರು. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಟುನೀಷಿಯಾ ಕಡೆಯಿಂದ ಬಂದು ಮಂಗಳೂರಿನಲ್ಲಿ ಹಲವು ವರ್ಷ ಇದ್ದ. ಯೆಮೆನ್ನಿನ ಏಡನ್ ಬಂದರಿನಿಂದ ಹಳೇ ಹಿತ್ತಾಳೆ ಪಾತ್ರೆ ತರಿಸಿ ಇಲ್ಲಿ ಹೊಸದು ಮಾಡಿಸಿ ಕಳಿಸುತ್ತಿದ್ದ. ಇಲ್ಲಿಂದ ಮೆಣಸು, ಅಡಿಕೆ ಹೋಗುತ್ತಿತ್ತು. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದವನ ಹೆಸರು ಬೊಮ್ಮ! ಇದೆಲ್ಲ ಗೊತ್ತಾಗಿದ್ದು ಈಜಿಪ್ಟಿನ ಕೈರೋದ ಒಂದು ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಉಳಿದಿದ್ದ ಪತ್ರಗಳಿಂದ. ದೇವರ ಹೆಸರಿರುವ ಕಾಗದ ಬಿಸಾಡಬಾರದು ಅಂತ ಅಲ್ಲಿ ತುಂಬಿಡುತ್ತಿದ್ದರು. ನಮ್ಮ ಮನೆಯಲ್ಲಿ ಹಳೇ ಪಂಚಾಂಗ ಅಟ್ಟಕ್ಕೆ ಹಾಕಿದ ಹಾಗೆ.

ಅದೇ ಯುರೋಪಿನಲ್ಲಿ 1348ರಲ್ಲಿ ಪ್ಲೇಗ್ ಬಂದಾಗ ಯಹೂದಿಗಳು ಬಾವಿಗೆ ವಿಷ ಹಾಕಿದ್ದಾರೆ ಅಂತ ಸುದ್ದಿ ಹಬ್ಬಿತು. ಅವರೂ ಅದೇ ರೋಗಕ್ಕೆ ಸಾಯುತ್ತಿದ್ದಾರಲ್ಲ ಅಂತ ಪೋಪ್ ಆರನೇ ಕ್ಲೆಮೆಂಟ್ ಹೇಳಿದರೂ ಜನ ಕೇಳಲಿಲ್ಲ. 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್ ಊರಿನಲ್ಲಿ ನೂರಾರು ಮಂದಿಯನ್ನು ಸುಟ್ಟರು.

ಇದನ್ನು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಮಾಡಿದವನು ನಾನು. ಆದರೂ 2020ರಲ್ಲಿ ಏನು ಮಾಡಿದೆ ಗೊತ್ತಾ? ನಮ್ಮ ಓಣಿಗೆ ಸ್ಕೂಟರಿನಲ್ಲಿ ಬರುವ ಮೀನಿನವನ ಬಗ್ಗೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಂತು. ಅವನ ಜಾತಿಯವರು ಬೇಕಂತಲೇ ಕೊರೋನಾ ಹರಡುತ್ತಿದ್ದಾರೆ, ಮೀನು ತೆಗೆಯಬೇಡಿ ಅಂತ. ನಂಬಲಿಲ್ಲ ಅಂತ ಹೆಂಡತಿಗೆ ಹೇಳಿದೆ. ಆದರೆ ಎರಡು ವಾರ ಹಾರ್ನ್ ಕೇಳಿದರೂ ಹೊರಗೆ ಹೋಗಲಿಲ್ಲ. ಸುಮ್ನೆ ಒಳಗೆ ಕೂತೆ. ಮೂರನೇ ವಾರ ಹೋದೆ. ಅವನು ಏನೂ ಕೇಳಲಿಲ್ಲ. ಬಂಗುಡೆ ತೂಗಿ ಕೊಟ್ಟ, ಚಿಲ್ಲರೆ ವಾಪಸ್ ಕೊಟ್ಟ.

ಈಗಲೂ ಅವನೇ ಬರುತ್ತಾನೆ. ಹಾರ್ನ್ ಕೇಳಿದರೆ ಪಾತ್ರೆ ಹಿಡಿದು ನಾನೇ ಹೋಗುತ್ತೇನೆ, ಹೆಂಡತಿಯನ್ನು ಕಳಿಸುವುದಿಲ್ಲ.