ಅಮೆರಿಕದ ಗಾಯಕಿ ರೋಸಾ ಪೊನ್ಸೆಲ್ 40ನೇ ವಯಸ್ಸಿಗೇ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಬಿಟ್ಟಿದ್ದು ಯಾಕೆ?

ದನಿ ಕೆಟ್ಟಿತ್ತು ಅಂತಲ್ಲ. ನನ್ನ ಪ್ರಕಾರ ಮುಖ್ಯ ಕಾರಣ ಹೆದರಿಕೆ. ಅವರು ಸೊಪ್ರಾನೊ, ಅಂದರೆ ಹೆಂಗಸರಲ್ಲಿ ಅತಿ ಎತ್ತರದ ದನಿ. ಆದರೆ ಸೊಗಸೆಲ್ಲ ಇದ್ದದ್ದು ಮಧ್ಯದ, ಕೆಳಗಿನ ಸ್ವರಗಳಲ್ಲಿ. ತಾರಸ್ಥಾಯಿಯ ತುದಿ ಮುಟ್ಟಬೇಕು ಅಂದರೆ ಎದೆ ಡವಡವ.

ಅಕ್ಕನ ಜೊತೆ ವಾಡೆವಿಲ್ ಎಂಬ ಹಾಡು-ನಗೆಯ ಆಟಗಳಲ್ಲಿ ಹಾಡುತ್ತಿದ್ದ ಹುಡುಗಿ, 1918ರಲ್ಲಿ, 21ನೇ ವಯಸ್ಸಿಗೆ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಆಗಿನ ಹೆಸರಾಂತ ಇಟಾಲಿಯನ್ ಗಾಯಕ ಕರೂಸೊ ಜೊತೆ ನೇರ ನಾಯಕಿಯಾಗಿ ನಿಂತಳು! ಅಲ್ಲಿಂದ ಪ್ರತಿ ರಾತ್ರಿಯೂ ಪರೀಕ್ಷೆಯೇ. ಕಾರ್ಯಕ್ರಮಕ್ಕೆ ಮುಂಚೆ ರಂಗಮಂದಿರದ ಸುತ್ತ ಸುಮ್ನೆ ಸುತ್ತು ಹಾಕುತ್ತಿದ್ದರಂತೆ.

ಕೊನೆಗೆ, ಎತ್ತರದ ಸ್ವರಗಳ ಕಾಟ ಜಾಸ್ತಿ ಇಲ್ಲದ 'ಆಡ್ರಿಯಾನಾ ಲೆಕುವ್ರೂರ್' ಎಂಬ ಒಪೆರಾದಲ್ಲಿ ಹಾಡುತ್ತೇನೆ ಅಂತ ಕೇಳಿದರು, ಮೆಟ್ರೊಪಾಲಿಟನ್ ಸಂಸ್ಥೆ ಒಪ್ಪಲಿಲ್ಲ. 1936ರಲ್ಲಿ ಮದುವೆಯೂ ಆಗಿತ್ತು. 1937ರಲ್ಲಿ ರಂಗ ಬಿಟ್ಟರು. 1954ರಲ್ಲಿ ಬಾಲ್ಟಿಮೋರ್ ಬಳಿಯ ಮನೆಯಲ್ಲೇ ಮಾಡಿದ ಧ್ವನಿಮುದ್ರಣ ಕೇಳಿ, ಆ ಕೆಳಗಿನ ಸ್ವರಗಳು ಇನ್ನೂ ಗಟ್ಟಿ.