ಜಲವರ್ಣದ ಭಾವಚಿತ್ರ ಕೆಸರಾಗುವುದೇಕೆ?

ಪ್ರಶ್ನೆ: ನಮ್ಮೂರಿನ ಗ್ರಂಥಾಲಯಕ್ಕಾಗಿ ಮಂಜೇಶ್ವರ ಗೋವಿಂದ ಪೈಗಳ ಭಾವಚಿತ್ರವನ್ನು ಶಾಸ್ತ್ರೀಯ ಶೈಲಿಯಲ್ಲಿ, ಜಲವರ್ಣದಲ್ಲಿ ಬರೆಯಲು ಹೊರಟಿದ್ದೇನೆ. ನನ್ನ ಬಳಿ ಕಪ್ಪು-ಬಿಳುಪು ಛಾಯಾಚಿತ್ರವೊಂದೇ ಇದೆ. ರೇಖೆಗಳು ಹೊಂದಿದರೂ ಬಣ್ಣ ಹಚ್ಚುತ್ತಿದ್ದಂತೆ ಮುಖವೆಲ್ಲ ಕೆಸರಾಗುತ್ತದೆ. ತೈಲವರ್ಣವನ್ನೇ ಹಿಡಿಯಲೇ?
– ಓರ್ವ ಶಿಕ್ಷಕಿ, ಬದಿಯಡ್ಕ

ಉತ್ತರ: ದಯವಿಟ್ಟು ಜಲವರ್ಣವನ್ನು ಬಿಡಬೇಡಿ. ತೈಲವರ್ಣದಿಂದಲೇ ಹೆಸರಾದ ರಾಜಾ ರವಿವರ್ಮರೂ ತಿರುವನಂತಪುರದ ಅರಮನೆಯಲ್ಲಿ ರಾಮಸ್ವಾಮಿ ನಾಯ್ಡು ಅವರಿಂದ ಮೊದಲು ಜಲವರ್ಣವನ್ನು ಕಲಿತವರು.

ಹಸಿ ಪದರದ ಮೇಲೆ ಮತ್ತೆ ಮತ್ತೆ ಕುಂಚ ಆಡಿಸುವುದರಿಂದ, ಒಂದೇ ಮಿಶ್ರಣಕ್ಕೆ ಹಲವು ಬಣ್ಣಗಳನ್ನು ಸೇರಿಸುವುದರಿಂದ ಕೆಸರಾಗುತ್ತದೆ. ಇವೆರಡಕ್ಕೂ ಮೂಲ ಒಂದೇ: ನೆರಳು ಬೆಳಕುಗಳನ್ನು ನಿಶ್ಚಯಿಸುವ ಮೊದಲೇ ಬಣ್ಣಕ್ಕೆ ಕೈ ಹಾಕುವುದು. ತೈಲದಲ್ಲಿ ಕಪ್ಪಿನ ಮೇಲೆ ಬಿಳಿಯನ್ನು ಏರಿಸಬಹುದು. ಇಲ್ಲಿ ಕಾಗದದ ಬಿಳುಪೇ ಬೆಳಕು, ಅದನ್ನು ಮೊದಲೇ ಉಳಿಸಿಕೊಳ್ಳಬೇಕು. ಆದ್ದರಿಂದ ಕಪ್ಪು-ಬಿಳುಪು ಛಾಯಾಚಿತ್ರ ನಿಮಗೆ ಅನುಕೂಲವೇ ಆಗಿದೆ. ಕಣ್ಣು ಕಿರಿದುಗೊಳಿಸಿ ಅದನ್ನು ನೋಡಿ, ಬೆಳಕು, ನಡುಛಾಯೆ, ಕಡುನೆರಳು ಎಂದು ಮೂರೇ ಭಾಗ ಮಾಡಿ, ಮೊದಲು ಒಂದೇ ಕಂದುಬಣ್ಣದಲ್ಲಿ ಚಿಕ್ಕ ಅಭ್ಯಾಸಚಿತ್ರವೊಂದನ್ನು ಬರೆಯಿರಿ.

ನಿಜವಾದ ಚಿತ್ರದಲ್ಲಿ, ಹಣೆಯ ಹೊಳಪು ಮತ್ತು ಗಡ್ಡದ ಬೆಳಕಿನ ಭಾಗಗಳನ್ನು ಬಿಟ್ಟು, ಯೆಲ್ಲೋ ಓಕರ್‌ಗೆ (ಮಣ್ಣಿನ ಹಳದಿ) ಸ್ವಲ್ಪ ಲೈಟ್ ರೆಡ್ (ಇಟ್ಟಿಗೆ ಕೆಂಪು) ಬೆರೆಸಿದ ತೆಳು ನೀರುಬಣ್ಣವನ್ನು ಮುಖಕ್ಕೆಲ್ಲ ಹಚ್ಚಿ. ಅಂಗೈಯ ಹಿಂಬದಿ ತಾಗಿಸಿದಾಗ ತಣ್ಣಗೆನಿಸಿದರೆ ಕಾಗದ ಇನ್ನೂ ಒಣಗಿಲ್ಲ. ಪೂರ್ತಿ ಒಣಗಿದ ಮೇಲೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣದಿಂದ ನಡುಛಾಯೆಯನ್ನೂ, ಅದಕ್ಕೆ ಅಲ್ಟ್ರಾಮರೀನ್ ನೀಲಿ ಸೇರಿಸಿ ಕಣ್ಣಿನ ಗುಳಿ, ಮೂಗಿನ ಕೆಳಭಾಗ, ಕತ್ತಿನ ನೆರಳುಗಳನ್ನೂ ಕೊಡಿ. ಹಚ್ಚಿದ ನೆರಳನ್ನು ತಿದ್ದಲು ಹೋಗದೆ, ನೀರು ಹಿಂಡಿದ ಶುದ್ಧ ಕುಂಚದಿಂದ ಅದರ ಅಂಚನ್ನು ಮಾತ್ರ ಮೃದುಗೊಳಿಸಿ. ರೆಪ್ಪೆ, ಹುಬ್ಬುಗಳು ಕಡೆಗೆ.

ಕಾಗದದ ವಿಷಯದಲ್ಲಿ ಜಿಪುಣತನ ಬೇಡ, 300 ಜಿ.ಎಸ್.ಎಂ. (ಚದರ ಮೀಟರಿಗೆ 300 ಗ್ರಾಂ) ತೂಕದ, ಪೂರ್ತಿ ಹತ್ತಿಯ, ಕೋಲ್ಡ್ ಪ್ರೆಸ್ (ಮೇಲ್ಮೈ ತುಸು ತರಿಯಾಗಿರುವ) ಕಾಗದವನ್ನೇ ಕೊಳ್ಳಿ. ನಮ್ಮ ಕರಾವಳಿಯ ಆಟಿ ತಿಂಗಳ (ಮಳೆಗಾಲದ) ತೇವದಲ್ಲಿ ಪದರಗಳು ಬೇಗ ಒಣಗುವುದಿಲ್ಲ; ನೀರಿನ ಹೊಳಪು ಆರಿದ ನಂತರ ದೂರದಿಂದ ಹೇರ್ ಡ್ರೈಯರ್ ಹಿಡಿಯಬಹುದು. ಉಳಿದ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಕಟ್ಟಿಡದಿದ್ದರೆ ಬೂಸ್ಟು ಹಿಡಿದೀತು. ತುಟಿ, ಕೆನ್ನೆಗಳಿಗೆ ಅಲಿಝರಿನ್ ಕ್ರಿಮ್ಸನ್ ಎಂಬ ಕಡುಗೆಂಪು ಬೇಡ. ಬೆಳಕಿಗೆ ಅದು ಮಾಸುತ್ತದೆ, ಪರ್ಮನೆಂಟ್ ರೋಸ್ ಬಾಳುತ್ತದೆ. ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ಮೌಂಟ್ (ಚಿತ್ರದ ಸುತ್ತ ಇಡುವ ರಟ್ಟಿನ ಅಂಚುಪಟ್ಟಿ) ಇರಿಸಲು ಹೇಳಿ, ನೇರ ಬಿಸಿಲು ಬೀಳದ ಗೋಡೆಯಲ್ಲಿ ತೂಗುಹಾಕಿಸಿ.